ಡಬ್ಬಿ ಅಕ್ಕನ ಬಿಳಿ ಮಾತ್ರೆಗಳು

ಲಾಡ್ಜಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳು ಹಾಸಿಗೆ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಕಿಟಕಿಯಿಲ್ಲದ ಕೋಣೆ ಅದು. ಒಂದು ಗೋಡೆಗೆ ಬಟ್ಟೆ ಒಗೆಯುವ ಯಂತ್ರಗಳು, ಎದುರಿನ ಗೋಡೆಗೆ ಒಣಗಿಸುವ ಯಂತ್ರಗಳು, ನಡುವೆ ಉದ್ದನೆಯ ಇಸ್ತ್ರಿ ಮೇಜು. ಹಬೆಗೆ ಗೋಡೆಯ ಸುಣ್ಣ ಪದರ ಪದರವಾಗಿ ಎದ್ದು ಉದುರುತ್ತಿತ್ತು. ಬೆಳಗ್ಗೆ ನಿಂತರೆ ಸಂಜೆಯವರೆಗೆ ನಿಂತೇ ಇರಬೇಕಾದ ಕೆಲಸ. ಅಲ್ಲಿನ ಹೆಂಗಸರಿಗೆ ಸೊಂಟ ನೋವು, ಮಂಡಿ ನೋವು, ತಲೆನೋವು ಹೊಸದಲ್ಲ. ನೋವಿಲ್ಲದ ದಿನ ಬಂದರೆ ಅದೇ ಹೊಸದು.

ನೋವು ತಡೆಯಲಾರದವರು ಸೀದಾ ಅವಳ ಮೇಜಿನ ಹತ್ತಿರ ಬರುತ್ತಿದ್ದರು. ಮೇಜಿನ ಕೆಳಗೆ, ಅವಳ ಚೀಲದೊಳಗೆ, ತಗಡಿನ ದೊಡ್ಡ ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಬೆಳಗ್ಗೆ ಅದು ಅವಳ ಜೊತೆ ಕೆಲಸಕ್ಕೆ ಬರುತ್ತಿತ್ತು, ಸಂಜೆ ಅವಳ ಜೊತೆಯೇ ಮನೆಗೆ ಹೋಗುತ್ತಿತ್ತು. ಆ ಡಬ್ಬಿಯಿಂದಲೇ ಅವಳಿಗೆ ಡಬ್ಬಿ ಅಕ್ಕ ಎಂಬ ಹೆಸರು ಬಿದ್ದಿತ್ತು. ಮೊದಮೊದಲು ತಮಾಷೆಗೆ ಕರೆದದ್ದು, ಆಮೇಲೆ ಹಾಜರಿ ಕರೆಯುವ ಮೇಲ್ವಿಚಾರಕನ ಬಾಯಲ್ಲೂ ಅದೇ ನಿಂತಿತು.

ಡಬ್ಬಿ ತುಂಬುತ್ತಿದ್ದದ್ದು ಲಾಡ್ಜಿನ ರೂಮುಗಳಿಂದ. ಇಳಿದುಕೊಂಡವರು ಹೋಗುವಾಗ ಚಪ್ಪಲಿ, ಛತ್ರಿ, ಬಾಚಣಿಗೆ ಬಿಟ್ಟುಹೋಗುವಂತೆ ಔಷಧಿಯನ್ನೂ ಬಿಟ್ಟುಹೋಗುತ್ತಾರೆ. ಅರ್ಧ ಮುಗಿದ ಮಾತ್ರೆಯ ಹಾಳೆ, ಮುಚ್ಚಳ ಸಡಿಲವಾದ ಬಾಟಲಿ, ಹಿಂಡಿ ಚಪ್ಪಟೆಯಾದ ಮುಲಾಮು. ರೂಮು ಗುಡಿಸುವ ಹೆಂಗಸರು ಅದನ್ನೆಲ್ಲ ತಂದು ಅವಳಿಗೆ ಕೊಡುತ್ತಿದ್ದರು. ಅವಳಿಗೆ ಮಾತ್ರೆಯನ್ನು ಕಸಕ್ಕೆ ಹಾಕುವುದೆಂದರೆ ಅನ್ನ ಚೆಲ್ಲಿದ ಹಾಗೆ. ಅದಕ್ಕೆ ಕಾರಣವಿತ್ತು. ಅವಳು ಚಿಕ್ಕವಳಿದ್ದಾಗ ತಾಯಿ ಜ್ವರದಲ್ಲಿ ಬೆಂದು ಸತ್ತಿದ್ದಳು. ಮನೆಯಲ್ಲಿ ಒಂದು ಮಾತ್ರೆಯೂ ಇರಲಿಲ್ಲ. ತರುತ್ತೇನೆಂದು ಹೋದ ಅಪ್ಪ ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗಿನ್ನೂ ನಡೆಯಲು ಬಾರದ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವಳು ಒಲೆ ಹಚ್ಚುವುದನ್ನು ಕಲಿತಳು. ಅಂದಿನಿಂದ ಮನೆಯಲ್ಲಿ ಮಾತ್ರೆ ಇರುವುದೇ ಅವಳ ಪಾಲಿಗೆ ಸಿರಿತನ.

ಹಾಳೆಗಳು ಜಾಗ ತಿನ್ನುತ್ತವೆಂದು ಅವಳು ಮಾತ್ರೆಗಳನ್ನೆಲ್ಲ ಒತ್ತಿ ಬಿಡಿಸಿ, ಬಣ್ಣ ನೋಡಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಇಡುತ್ತಿದ್ದಳು. ಬಿಳಿಯವು ನೋವಿಗೆ. ಹಳದಿಯವು ಹೊಟ್ಟೆಗೆ. ಕೆಂಪು ಕಪ್ಪು ಕ್ಯಾಪ್ಸೂಲು ಗಾಯಕ್ಕೆ, ಹಲ್ಲಿಗೆ, ಕೀವಿಗೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಒಮ್ಮೆ ಅದನ್ನು ನೋಡಿ ಹೇಳಿದ:

"ಲೇ, ನಟ್ಟು ಬೋಲ್ಟನ್ನೂ ಹೀಗೆ ಕಲಸಿ ಇಡಲ್ಲ ನಾವು. ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ಥ್ರೆಡ್ಡೇ ಕಿತ್ತುಹೋಗತ್ತೆ."

"ಮನುಷ್ಯರ ಮೈ ಏನು ನಿಮ್ಮ ಬಸ್ಸಾ?"

"ಅದನ್ನೇ ನಾನೂ ಹೇಳ್ತಿರೋದು. ಬಸ್ಸಾದ್ರೆ ಬಿಚ್ಚಿ ರಿಪೇರಿ ಮಾಡಬೋದು."

ಅವಳು ನಕ್ಕು ಡಬ್ಬಿ ಮುಚ್ಚಿದಳು.

ಅವಳ ಮಾತ್ರೆಯಿಂದ ಎಷ್ಟೋ ಜನರ ತಲೆನೋವು ಹೋಗಿತ್ತು, ಅದು ಸುಳ್ಳಲ್ಲ. ಹೋಗದಿದ್ದವರ ಕಥೆ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ. ಚಾದರ ಮಡಿಸುವವಳೊಬ್ಬಳಿಗೆ ಕೈಗಾಯಕ್ಕೆಂದು ಕೆಂಪು ಕಪ್ಪು ಕ್ಯಾಪ್ಸೂಲು ಕೊಟ್ಟ ದಿನ ಅವಳ ತುಟಿ ಊದಿ, ಮೈಯೆಲ್ಲ ದದ್ದೆದ್ದು, ಉಸಿರು ಹಿಡಿದ ಹಾಗಾಗಿತ್ತು. "ಸೋಪಿನ ಪುಡಿ ಬದಲಾಯಿಸಿದ್ದಾರಲ್ಲ, ಅದಕ್ಕೇ ಇರಬೇಕು" ಎಂದಳು ಡಬ್ಬಿ ಅಕ್ಕ. ಎಲ್ಲರೂ ಹೂಂ ಎಂದರು. ಆ ಹೆಂಗಸು ಹೇಗೋ ಉಳಿದುಕೊಂಡಳು. ಸೋಪಿನ ಪುಡಿಯವನಿಗೆ ಬೈಗುಳ ಬಿತ್ತು.

ತಂಗಿ ಎರಡು ಬೀದಿ ಆಚೆ ಇದ್ದಳು. ಗಂಡ ಇಲ್ಲ. ಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿದು ಮಗಳನ್ನು ಓದಿಸಿದ್ದಳು. ಮಗಳು ಈಗ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಂಗಿಗೆ ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಸರಿಯಾಗಿ ವಾಸಿಯಾಗದೆ ಹೃದಯದ ಕವಾಟ ಕೆಟ್ಟುಹೋಗಿ, ದೊಡ್ಡ ಆಸ್ಪತ್ರೆಯಲ್ಲಿ ಎದೆ ಬಿಚ್ಚಿ ಲೋಹದ ಕವಾಟ ಕೂರಿಸಿದ್ದರು. ಯಂತ್ರ ನಿಲ್ಲಿಸಿ ಮನೆ ನಿಶ್ಶಬ್ದವಾದರೆ ಅವಳ ಎದೆಯಿಂದ ಟಿಕ್ ಟಿಕ್ ಎಂಬ ಸದ್ದು ಕೇಳುತ್ತಿತ್ತು. "ಗಡಿಯಾರ ನುಂಗಿದೀಯಲ್ಲೇ" ಎಂದು ಅಕ್ಕ ರೇಗಿಸುತ್ತಿದ್ದಳು.

ಅಂದು ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಅಕ್ಕ, ತಂಗಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. "ಈ ರಕ್ತ ತೆಳುವಾಗೋ ಮಾತ್ರೆ ಬದುಕಿರೋವರೆಗೂ ತಗೊಳ್ಳಬೇಕು. ರಕ್ತ ಗಟ್ಟಿಯಾದ್ರೆ ಕವಾಟದಲ್ಲಿ ಹೆಪ್ಪುಗಟ್ಟತ್ತೆ. ತೀರಾ ತೆಳುವಾದ್ರೆ ಎಲ್ಲೆಂದರಲ್ಲಿ ಸೋರತ್ತೆ. ತಪ್ಪದೆ ರಕ್ತ ಪರೀಕ್ಷೆ ಮಾಡಿಸಿ. ಬೇರೆ ಯಾವ ಮಾತ್ರೆ ನುಂಗೋ ಮುಂಚೆನೂ ನಮ್ಮನ್ನ ಕೇಳಿ, ತಲೆನೋವಿನದಾದ್ರೂ ಸರಿ."

ತಂಗಿ ಆ ಮಾತನ್ನು ಗಂಟು ಹಾಕಿಕೊಂಡಳು. ಕೆಮ್ಮಿಗೂ ಫೋನು ಮಾಡಿ ಕೇಳುತ್ತಿದ್ದಳು. ಅಕ್ಕನೂ ತಲೆಯಾಡಿಸಿದ್ದಳು. ಆದರೆ ಅವಳ ಲೆಕ್ಕದಲ್ಲಿ ಬೇರೆ ಮಾತ್ರೆ ಎಂದರೆ ಹೊರಗಿನವರು ಕೊಡುವ ಮಾತ್ರೆ. ತಾನು ಹೊರಗಿನವಳಲ್ಲವಲ್ಲ.

ಶಾಲೆ ತೆರೆಯುವ ಕಾಲ. ತಂಗಿಯ ಮನೆಯಲ್ಲಿ ನೀಲಿ ಬಟ್ಟೆಯ ಥಾನುಗಳು ಕಾಲಿಡಲು ಜಾಗವಿಲ್ಲದಂತೆ ಬಿದ್ದಿದ್ದವು. ಆಗಲೇ ಅವಳ ದವಡೆ ಹಲ್ಲು ಎದ್ದು ಕುಣಿಯಿತು. ಅಕ್ಕ ಹೋಗಿ ನೋಡಿದರೆ ಒಂದು ಕೆನ್ನೆ ಬನ್ನಿನಂತೆ ಊದಿತ್ತು. ತಂಗಿ ಒಂದು ಕೈಯಲ್ಲಿ ದವಡೆ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ತಳ್ಳುತ್ತಿದ್ದಳು.

"ಹಲ್ಲಿನ ಡಾಕ್ಟರ ಹತ್ರ ಹೋಗಿದ್ಯಾ?"

"ಫೋನ್ ಮಾಡಿದೆ ಅಕ್ಕ. ಮುಂದಿನ ವಾರ ಬಾ ಅಂದ್ರು. ಎದೆ ಡಾಕ್ಟರು ಊರಲ್ಲಿಲ್ಲವಂತೆ. ಬೇರೆ ಡಾಕ್ಟರು ಇದಾರೆ, ಆಸ್ಪತ್ರೆಗೆ ಬನ್ನಿ ಅಂದ್ರು. ಹೋದ್ರೆ ಇಡೀ ದಿನ ಹೋಗತ್ತೆ. ಈ ರಾಶಿ ಯಾರು ಹೊಲೀತಾರೆ?"

ಅಕ್ಕ ಚೀಲದಿಂದ ಡಬ್ಬಿ ತೆಗೆದಳು.

"ಬೇಡ ಅಕ್ಕ. ಕೇಳದೆ ಏನೂ ತಗೋಬಾರದು ಅಂದಿದ್ರಲ್ಲ."

"ಅಯ್ಯೋ ಪೆದ್ದಿ, ಹಲ್ಲಿಗೂ ಹೃದಯಕ್ಕೂ ಏನೇ ಸಂಬಂಧ? ನಿನ್ನ ಎದೆ ಮಾತ್ರೆ ಎದೆಗೆ. ಇದು ಹಲ್ಲಿಗೆ. ಅದರ ದಾರಿ ಅದಕ್ಕೆ, ಇದರ ದಾರಿ ಇದಕ್ಕೆ. ನಿಮ್ಮ ಭಾವನಿಗೂ ಹೋದ ವರ್ಷ ಹೀಗೇ ಊದಿತ್ತು. ಇದೇ ಕೊಟ್ಟೆ. ಬೆಳಗ್ಗೆಗೆ ಕೋಳಿ ಕಾಲು ಕಚ್ಚೋ ಹಾಗಾದ್ರು."

ತಂಗಿ ಬಟ್ಟೆ ಬಿಟ್ಟು ತಲೆಯೆತ್ತಿದಳು. ತನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ನೀರಿನ ಲೋಟ ಹಿಡಿದು ಎದುರಿಗೆ ನಿಂತಿದ್ದಾಳೆ. ಬೇಡ ಎನ್ನುವುದು ಹೇಗೆ? ಕೈ ಚಾಚಿದಳು. ನೋವಿಗೆ ಬಿಳಿಯದು, ಊತಕ್ಕೆ ಕ್ಯಾಪ್ಸೂಲು, ಅದರ ಜೊತೆಗೆ ಅಕ್ಕನ ಗಂಡನ ಹಲ್ಲಿಗೆಂದು ತಂದು ಉಳಿದಿದ್ದ ಇನ್ನೊಂದು ಮಾತ್ರೆ. ದಿನಕ್ಕೆ ಇಷ್ಟಿಷ್ಟು ಎಂದು ಅಕ್ಕ ಪೊಟ್ಟಣ ಕಟ್ಟಿ ಕೊಟ್ಟಳು. "ಮಗಳಿಗೆ ಹೇಳಬೇಡ ಅಕ್ಕ, ಬೈತಾಳೆ" ಎಂದಳು ತಂಗಿ. ಇಬ್ಬರೂ ನಕ್ಕರು.

ಮಾರನೆಯ ದಿನಕ್ಕೆ ನೋವು ಇಳಿಯಿತು, ಊತ ಕರಗಿತು. ತಂಗಿ ಫೋನು ಮಾಡಿ, "ಅಕ್ಕ, ನಿನ್ನ ಕೈಗುಣ" ಎಂದಳು. ಅಕ್ಕನಿಗೆ ಆ ದಿನ ಇಸ್ತ್ರಿ ಪೆಟ್ಟಿಗೆಯೂ ಹಗುರವೆನಿಸಿತು.

ಆಮೇಲಿನದು ಒಂದೊಂದಾಗಿ ಕಾಣಿಸಿಕೊಂಡಿತು, ಒಂದಕ್ಕೊಂದು ಗಂಟು ಹಾಕಿದವರಿರಲಿಲ್ಲ. ಹಲ್ಲುಜ್ಜಿದಾಗ ಒಸಡಿನಲ್ಲಿ ರಕ್ತ ಬಂತು, ಕೆಟ್ಟ ರಕ್ತ ಹೋಗಲಿ ಬಿಡು ಎಂದುಕೊಂಡರು. ತೋಳಿನ ಮೇಲೆ ಅಂಗೈಯಗಲ ಕಪ್ಪು ಕಲೆ ಮೂಡಿತು, ಹೊಲಿಗೆ ಮೇಜಿಗೆ ತಾಗಿರಬೇಕು ಎಂದುಕೊಂಡರು. ಹೊಟ್ಟೆಯಲ್ಲಿ ಉರಿ ಎಂದಾಗ ಅಕ್ಕ ಹಳದಿ ಮಾತ್ರೆಯನ್ನೂ ಸೇರಿಸಿದಳು. ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದ್ದುದನ್ನು ಮಾತ್ರ ತಂಗಿ ನಾಚಿಕೆಗೆ ಯಾರಿಗೂ ಹೇಳಲಿಲ್ಲ. ತಲೆ ಸುತ್ತುತ್ತಿದ್ದರೂ ಸಮವಸ್ತ್ರದ ರಾಶಿ ಕರಗಿಸುತ್ತಾ ಕೂತಳು.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಮಗಳು ನೋಡಿದಾಗ ತಾಯಿ ಯಂತ್ರದ ಬುಡದಲ್ಲಿ ಬಿದ್ದಿದ್ದಳು. ನೆಲದ ಮೇಲೆ, ನೀಲಿ ಬಟ್ಟೆಯ ಮೇಲೆ, ಚಹಾದ ಗಸಿಯಂಥ ಕಪ್ಪು ವಾಂತಿ.

ಲಾಂಡ್ರಿಗೆ ಫೋನು ಬಂದಾಗ ಡಬ್ಬಿ ಅಕ್ಕ ಕೈಯಲ್ಲಿದ್ದ ಚಾದರವನ್ನು ಅರ್ಧಕ್ಕೇ ಬಿಟ್ಟು, ಚೀಲ ಎತ್ತಿಕೊಂಡು ಓಡಿದಳು. ತುರ್ತು ವಾರ್ಡಿನಲ್ಲಿ ತಂಗಿ ಗೋಡೆಯ ಬಣ್ಣಕ್ಕೆ ತಿರುಗಿದ್ದಳು. ಕರೆದರೆ ಕಣ್ಣು ತೆರೆಯುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಎದೆಯ ಗಾಯದ ಗೆರೆ ನೋಡಿದವರೇ ತಲೆಯೆತ್ತಿ ಕೇಳಿದರು:

"ರಕ್ತ ತೆಳುವಾಗೋ ಮಾತ್ರೆ ಜೊತೆ ಬೇರೇನಾದ್ರೂ ತಗೊಂಡಿದ್ರಾ ಇವರು?"

"ಇಲ್ಲ ಡಾಕ್ಟ್ರೇ" ಎಂದಳು ಮಗಳು ತಕ್ಷಣ. "ಅಮ್ಮ ಕೇಳದೆ ಏನೂ ತಗೊಳಲ್ಲ. ನೆಗಡಿಗೂ ಫೋನ್ ಮಾಡಿ ಕೇಳ್ತಾಳೆ."

ಕವಾಟದ ಸದ್ದು, ಒಸಡಿನ ರಕ್ತ, ತೋಳಿನ ಕಲೆ, ಎಲ್ಲವೂ ಒಂದೇ ಸಲ ಡಬ್ಬಿ ಅಕ್ಕನ ಮುಂದೆ ಬಂದು ಸಾಲಾಗಿ ನಿಂತವು. ಒಂದು ಹೆಜ್ಜೆ ಮುಂದೆ ಬಂದು ಹೇಳಿದಳು.

"ನಾನು ಕೊಟ್ಟೆ."

ಮಗಳು ತಿರುಗಿ ನೋಡಿದಳು.

"ಏನು ಕೊಟ್ಟಿರಿ?" ಎಂದರು ಡಾಕ್ಟರಮ್ಮ.

"ಹಲ್ಲುನೋವಿಗೆ... ಮಾತ್ರೆ."

"ಯಾವ ಮಾತ್ರೆ? ಹೆಸರು?"

ಹೆಸರು ಅವಳಿಗೆ ಗೊತ್ತಿರಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಡಾಕ್ಟರಮ್ಮ ಮುಚ್ಚಳ ತೆಗೆದು, ಪೊಟ್ಟಣಗಳನ್ನು ಬಿಚ್ಚಿ, ಸ್ಟೀಲಿನ ತಟ್ಟೆಗೆ ಸುರಿದರು. ಬಿಳಿ ಮಾತ್ರೆಗಳು ಉರುಳಿ ಹರಡಿಕೊಂಡವು. ಉದ್ದನೆಯವು, ದುಂಡನೆಯವು, ನಡುವೆ ಗೆರೆಯಿದ್ದವು, ಅಂಚು ಸವೆದು ಪುಡಿ ಉದುರುತ್ತಿದ್ದವು. ಯಾವುದು ಯಾರ ರೂಮಿನದು, ಯಾವ ಕಾಯಿಲೆಯದು, ಯಾವ ಕಾಲದ್ದು ಎಂದು ಹೇಳುವ ಒಂದು ಅಕ್ಷರವೂ ಅವುಗಳ ಮೇಲಿರಲಿಲ್ಲ.

"ಇದರಲ್ಲಿ ಯಾವುದು?"

ಅವಳ ಬೆರಳು ಒಂದರ ಮೇಲೆ ಹೋಯಿತು. "ಇದೇ." ತಡೆಯಿತು. "ಅಲ್ಲ, ಅದು ಇನ್ನೂ ಸ್ವಲ್ಪ ದಪ್ಪ ಇತ್ತು." ಇನ್ನೊಂದನ್ನು ಮುಟ್ಟಿತು. "ಇದಿರಬೇಕು... ಇದೂ ಇರಬೋದು." ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಎತ್ತಿ ಕೊಡುತ್ತಿದ್ದ ಮಾತ್ರೆಗಳು ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಅವಳನ್ನೇ ನೋಡುತ್ತಿದ್ದವು. ಗಂಡನ ಹಲ್ಲಿಗೆ ತಂದಿದ್ದ ಮಾತ್ರೆಯ ಹೆಸರಾದರೂ ನೆನಪಿದೆಯಾ ಎಂದು ಕೇಳಿದರು. ಅದೂ ಇರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ, ಬೈಯಲು ಅವರಿಗೆ ಸಮಯವೂ ಇರಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿ, ರಕ್ತದ ಚೀಲಗಳಿಗೆ ಹೇಳಿ, ಓಡಾಡಿದರು. ಸಂಜೆಯ ಹೊತ್ತಿಗೆ ಹೊರಗೆ ಬಂದು ಬೆಂಚಿನ ಮೇಲಿದ್ದ ಇಬ್ಬರಿಗೂ ಬಿಡಿಸಿ ಹೇಳಿದರು. ರಕ್ತ ಇರಬೇಕಾದ್ದಕ್ಕಿಂತ ವಿಪರೀತ ತೆಳುವಾಗಿದೆ. ಹಲ್ಲಿನ ಸೋಂಕಿಗೆ ಕೊಡುವ ಕೆಲವು ಮಾತ್ರೆಗಳು ರಕ್ತ ತೆಳುವಾಗುವ ಮಾತ್ರೆಯ ಬಲವನ್ನು ತುಂಬಾ ಹೆಚ್ಚಿಸುತ್ತವೆ. ನೋವಿನ ಎಷ್ಟೋ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೊರೆಯುತ್ತವೆ. ಕೊರೆದ ಜಾಗದಿಂದ ತೆಳುವಾದ ರಕ್ತ ನಿಲ್ಲದೆ ಹರಿದಿದೆ.

"ಒಂದೊಂದೇ ಆಗಿದ್ರೂ ಅಪಾಯವೇ" ಎಂದರು. "ಇಲ್ಲಿ ಎಲ್ಲ ಒಟ್ಟಿಗೆ ಸೇರಿದೆ."

ರಕ್ತಸ್ರಾವ ನಿಲ್ಲಬೇಕಾದರೆ ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಬೇಕು. ಅದನ್ನು ನಿಲ್ಲಿಸಿದರೆ ಲೋಹದ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅತ್ತ ದರಿ, ಇತ್ತ ಪುಲಿ. ಡಾಕ್ಟರುಗಳು ಸೇರಿ ಮಾತಾಡಿ ನಿಲ್ಲಿಸಿದರು. ಬೇರೆ ದಾರಿಯೇ ಇರಲಿಲ್ಲ. ರಕ್ತ ನಿಂತಿತು. ತಂಗಿಯ ಮುಖಕ್ಕೆ ಬಣ್ಣ ಬಂತು. ದಿಂಬಿಗೆ ಒರಗಿ ಕೂತು, "ಸಮವಸ್ತ್ರದವರು ಬಂದಿದ್ರಾ?" ಎಂದು ಮಗಳನ್ನು ಕೇಳಿದಳು. ಅಕ್ಕನ ಕೈ ಹಿಡಿದು, "ನೀನು ಯಾಕೆ ಹೀಗೆ ಬತ್ತಿಹೋಗಿದೀಯ? ನಾನು ಬಾಯಿ ತೆರೆದು ನುಂಗಿದ್ದಲ್ವಾ?" ಎಂದಳು. ಅದು ಅವಳು ಅಕ್ಕನ ಜೊತೆ ಆಡಿದ ಕೊನೆಯ ಪೂರ್ತಿ ಮಾತು.

ರಕ್ತ ತೆಳುವಾಗುವ ಔಷಧಿಯನ್ನು ನಿಧಾನವಾಗಿ ಮತ್ತೆ ಶುರುಮಾಡಬೇಕೆಂದು ಡಾಕ್ಟರುಗಳು ತೀರ್ಮಾನಿಸಿದ್ದ ದಿನವೇ, ಬೆಳಗಿನ ಚಹಾ ಕುಡಿಯುತ್ತಿದ್ದಾಗ ಲೋಟ ಅವಳ ಕೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಕವಾಟದಿಂದ ಎದ್ದ ಹೆಪ್ಪೊಂದು ಮಿದುಳಿಗೆ ಹೋಗಿ ಕೂತಿತ್ತು.

ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದ ಕೈ ಅದು. ನೂಲನ್ನು ಒಂದೇ ಸಲಕ್ಕೆ ಸೂಜಿಗೆ ಪೋಣಿಸುತ್ತಿದ್ದ ಬೆರಳುಗಳು ಮಡಿಚಿಕೊಂಡು, ಅಂಗೈಯಲ್ಲಿ ಬೆವರು ನಿಲ್ಲದಂತೆ ಬಟ್ಟೆಯ ಸುರುಳಿ ಇಡಬೇಕಾಯಿತು.

ಡಬ್ಬಿಯಲ್ಲಿದ್ದ ಮಾತ್ರೆಗಳನ್ನು ಅಕ್ಕ ಮೋರಿಗೆ ಸುರಿಯಲು ಹೊರಟಿದ್ದಳು. ನರ್ಸ್ ತಡೆದರು. ನೀರಿಗೆ ಸೇರಬಾರದು, ಕಸದಲ್ಲಿ ಮಕ್ಕಳ ಕೈಗೆ ಸಿಗಬಾರದು ಎಂದು ಆಸ್ಪತ್ರೆಯ ಔಷಧಿ ವಿಭಾಗಕ್ಕೆ ಕಳಿಸಿದರು. ಅಲ್ಲಿಯವನು ಎಲ್ಲವನ್ನೂ ಹಳದಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಖಾಲಿ ಡಬ್ಬಿಯನ್ನು ವಾಪಸು ಕೊಡಲು ಬಂದ. ಅವಳು ತೆಗೆದುಕೊಳ್ಳಲಿಲ್ಲ.

ತಂಗಿಯ ಮಗಳು ಅವಳೊಡನೆ ಜಗಳವಾಡಲಿಲ್ಲ. ಹುಟ್ಟಿದಾಗಿನಿಂದ ದೊಡ್ಡಮ್ಮನನ್ನು "ನೀನು" ಎನ್ನುತ್ತಿದ್ದ ಹುಡುಗಿ "ನೀವು" ಎನ್ನಲು ಶುರುಮಾಡಿದಳು. "ಊಟ ಮಾಡಿದ್ರಾ? ಹೊರಡ್ತೀರಾ? ಬಾಗಿಲು ಹಾಕ್ಕೊಂಡು ಹೋಗಿ." ಒಂದೊಂದು ಗೌರವವೂ ಚುಚ್ಚುಗೋಲಿನ ಹಾಗೆ ನಾಟುತ್ತಿತ್ತು. ಒಂದೇ ಒಂದು ಸಲ ಮಾತ್ರ ಹುಡುಗಿಯ ಕಟ್ಟೆ ಒಡೆಯಿತು.

"ಅಮ್ಮ ಬೇಡ ಅಂದಿರಲಿಲ್ವಾ ದೊಡ್ಡಮ್ಮ? ಒಂದು ಸಲನಾದ್ರೂ ಬೇಡ ಅಂದಿರಲಿಲ್ವಾ?"

"ಅಂದಿದ್ಲು."

"ಮತ್ತೆ?"

ಪ್ರೀತಿಯಿಂದ ಕೊಟ್ಟೆ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಎದುರಿಗೆ ಮಲಗಿದ್ದವಳ ಮುಂದೆ ಆ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲವೆಂದು ಡಬ್ಬಿ ಅಕ್ಕನಿಗೇ ಗೊತ್ತಿತ್ತು.

ಲಾಂಡ್ರಿಗೆ ಮರಳಿದ ಮೊದಲ ದಿನವೇ ರೂಮು ಗುಡಿಸುವವಳೊಬ್ಬಳು ಸೆರಗಿನಲ್ಲಿ ಮುಚ್ಚಿಕೊಂಡು ಅರ್ಧ ಹಾಳೆ ಮಾತ್ರೆ ತಂದಳು. "ಹೊಸದು ಅಕ್ಕ, ಮೇಲಿನ ರೂಮಿನವರು ಬಿಟ್ಟುಹೋಗಿದ್ರು." ಡಬ್ಬಿ ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ, ಅಲ್ಲಿದ್ದ ಹೆಂಗಸರಿಗೆಲ್ಲ ಕೇಳುವಂತೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ. ಸೋಪಿನ ಪುಡಿಯ ಮೇಲೆ ಹಾಕಿದ ತಪ್ಪನ್ನೂ ಹೇಳಿ, ಚಾದರ ಮಡಿಸುವವಳ ಕಡೆ ತಿರುಗಿ, "ಆ ಕ್ಯಾಪ್ಸೂಲು ನಿನಗೆ ಆಗಿಬರಲ್ಲ ಅನ್ಸತ್ತೆ. ಎಲ್ಲಿ ಹೋದ್ರೂ ಡಾಕ್ಟರಿಗೆ ಮೊದಲು ಅದನ್ನ ಹೇಳು, ಮರೀಬೇಡ" ಎಂದಳು.

ಕೆಲವರು ಕಣ್ಣೊರೆಸಿಕೊಂಡರು. ಕೆಲವರು ಒಳಗೊಳಗೇ ಲೆಕ್ಕ ಹಾಕಿದರು, ತಮಗೇನೂ ಆಗಿಲ್ಲವಲ್ಲ ಎಂದು. ವಾರ ಕಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಬಂದವಳೊಬ್ಬಳು, "ಒಂದೇ ಒಂದು ಕೊಡು ಅಕ್ಕ, ನನಗೆ ಎದೆ ಕಾಯಿಲೆ ಇಲ್ಲ" ಎಂದು ಅಂಗಲಾಚಿದಳು. ಇಲ್ಲವೆಂದಾಗ ಮುಖ ತಿರುಗಿಸಿ, "ದೊಡ್ಡ ಮನುಷ್ಯಳಾಗಿಬಿಟ್ಲು" ಎಂದು ಗೊಣಗಿಕೊಂಡು ಹೋದಳು. ರೂಮು ಗುಡಿಸುವವರು ತರುತ್ತಿದ್ದ ಮಾತ್ರೆಗಳು ಈಗ ಒಗೆಯುವ ಯಂತ್ರದ ಹತ್ತಿರ ಇನ್ನೊಬ್ಬಳ ಪ್ಲಾಸ್ಟಿಕ್ ಡಬ್ಬಕ್ಕೆ ಸೇರತೊಡಗಿದವು. ಡಬ್ಬಿ ಅಕ್ಕ ಅವಳಿಗೂ ಹೇಳಿದಳು. ಅವಳು ಹೂಂ ಹೂಂ ಎಂದು ಕೇಳಿಸಿಕೊಂಡು ಡಬ್ಬವನ್ನು ಇನ್ನೂ ಒಳಗೆ ತಳ್ಳಿದಳು.

ಸ್ವಲ್ಪ ದಿನದಲ್ಲೇ ಡಬ್ಬಿ ಅಕ್ಕ ಕೆಲಸ ಬಿಟ್ಟಳು. ಮಗಳ ಝೆರಾಕ್ಸ್ ಅಂಗಡಿಯ ಕೆಲಸದಿಂದಲೇ ತಂಗಿಯ ಮನೆ ನಡೆಯಬೇಕಿತ್ತು, ಹಗಲು ಅವಳನ್ನು ನೋಡಿಕೊಳ್ಳುವವರು ಬೇಕಿತ್ತು. ಬೆಳಗ್ಗೆ ಹೋಗಿ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ಹೊರಳಿಸಿ, ಚಮಚದಲ್ಲಿ ಉಣ್ಣಿಸುತ್ತಿದ್ದಳು. ಮಾತ್ರೆಗಳನ್ನು ಮಾತ್ರ ಮಗಳೇ ಕೊಡುತ್ತಿದ್ದಳು, ಕಪಾಟಿಗೆ ಬೀಗ ಹಾಕಿ ಕೀಲಿ ತಾನೇ ಒಯ್ಯುತ್ತಿದ್ದಳು. ಡಬ್ಬಿ ಅಕ್ಕ ಆ ಕಪಾಟಿನ ಹತ್ತಿರವೂ ಹೋಗುತ್ತಿರಲಿಲ್ಲ. ಅವಳ ಗಂಡ ಸಂಜೆ ಡಿಪೋದಿಂದ ಬಂದವನು ನಾದಿನಿಯ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ತಮಾಷೆ ಮಾಡುವುದನ್ನು ಅವನು ಬಿಟ್ಟೇಬಿಟ್ಟಿದ್ದ.

ತಂಗಿಗೆ ಉಳಿದದ್ದು ಒಂದೇ ಶಬ್ದ. ನೀರು ಬೇಕಾದರೂ "ಅಕ್ಕ", ನೋವಾದರೂ "ಅಕ್ಕ", ಸಿಟ್ಟಿಗೆ ಎಡಗೈಯಿಂದ ತಟ್ಟೆ ತಳ್ಳಿದಾಗಲೂ "ಅಕ್ಕ". ಮಿದುಳಿಗೆ ಪೆಟ್ಟಾದವರಲ್ಲಿ ಹೀಗೆ ಒಂದು ಮಾತು ಉಳಿದುಕೊಳ್ಳುವುದುಂಟು, ಅದಕ್ಕೆ ಅರ್ಥ ಹುಡುಕಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಹುಡುಕದೆ ಇರುವುದು ಅವಳಿಂದ ಆಗುತ್ತಿರಲಿಲ್ಲ.

ಅಂಗಡಿಯಲ್ಲಿ ಮಗಳಿಗೆ ಸಂಜೆಯ ಪಾಳಿ ಬಿತ್ತು. ರಕ್ತ ತೆಳುವಾಗುವ ಮಾತ್ರೆ ಕೊಡುವ ಹೊತ್ತೂ ಸಂಜೆಯೇ. ಒಂದೆರಡು ದಿನ ಅವಳೇ ಅಂಗಡಿಯಿಂದ ಓಡಿ ಬಂದು ಹೋದಳು. ಮಾಲೀಕ ಗದರಿದ. ಮರುದಿನ ಹೊರಡುವಾಗ ಕಪಾಟು ತೆಗೆದು ಹಾಳೆಯನ್ನು ದೊಡ್ಡಮ್ಮನ ಕೈಗೆ ಇಟ್ಟಳು.

"ಇವತ್ತು ನೀವೇ ಕೊಡಿ. ಇದೊಂದೇ. ಹೆಸರು ಓದಿಕೊಂಡು ಕೊಡಿ."

ಸಂಜೆ ಅವಳು ದೀಪದ ಕೆಳಗೆ ನಿಂತು ಹಾಳೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ತಾರೀಖು ನೋಡಿದಳು. ಒಂದು ಮಾತ್ರೆ ಬಿಡಿಸಿ, ನೀರಿನ ಲೋಟ ತಂದು, ತಂಗಿಯ ತಲೆ ಎತ್ತಿ ಹಿಡಿದಳು. ತಂಗಿ ಮಾತ್ರೆಯನ್ನು ನೋಡಿದಳು. ಆಮೇಲೆ ಅಕ್ಕನನ್ನು ನೋಡಿದಳು. ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು.

"ಇದು ನಿನ್ನದೇ ಕಣೇ. ದಿನಾ ತಗೋಳೋದೇ. ನೋಡು, ಹಾಳೆ ನೋಡು."

ತುಟಿ ಬಿಚ್ಚಲಿಲ್ಲ. ಓಡುವ ಶಕ್ತಿಯಿಲ್ಲದವಳು ತಲೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹೊತ್ತು ಮೀರುತ್ತಿತ್ತು. ಆ ಮಾತ್ರೆ ತಪ್ಪಿದರೆ ಏನಾದೀತೆಂದು ಈ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಡಬ್ಬಿ ಅಕ್ಕ ಫೋನು ಎತ್ತಿ ಅಂಗಡಿಗೆ ಹಚ್ಚಿದಳು.

"ತಗೋತಿಲ್ಲ ಮಗಳೇ. ನನ್ನ ಕೈಯಿಂದ ತಗೋತಿಲ್ಲ."

ಆ ಕಡೆ ಝೆರಾಕ್ಸ್ ಯಂತ್ರದ ಸದ್ದು ಕೇಳುತ್ತಿತ್ತು. ಹುಡುಗಿ ಹೇಳಿದಳು:

"ಫೋನು ಅಮ್ಮನ ಕಿವಿಗೆ ಹಿಡೀರಿ."

ಹಿಡಿದಳು. ಫೋನಿನೊಳಗಿಂದ ಸಣ್ಣಗೆ ಮಗಳ ದನಿ ಬಂತು: "ಅಮ್ಮ, ನಾನೇ ತಂದಿದ್ದು ಅದು. ಡಾಕ್ಟರನ್ನ ಕೇಳಿದೀನಿ. ತಗೋ ಅಮ್ಮ."

ತಂಗಿ ತಲೆ ತಿರುಗಿಸಿ ಬಾಯಿ ತೆರೆದಳು. ಮಾತ್ರೆ ನುಂಗಿ ನೀರು ಕುಡಿದಳು. ಗಲ್ಲದ ಮೇಲೆ ಇಳಿದ ನೀರನ್ನು ಅಕ್ಕ ಸೆರಗಿನಿಂದ ಒರೆಸಿದಳು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಈಗ ಹೊತ್ತಾಗುವ ಮುಂಚೆಯೇ ಅಂಗಡಿಯಿಂದ ಫೋನು ಬರುತ್ತದೆ. ಡಬ್ಬಿ ಅಕ್ಕ ಹಾಳೆ ಓದಿ ಹೆಸರು ಹೇಳುತ್ತಾಳೆ, ಹುಡುಗಿ ಹೂಂ ಎನ್ನುತ್ತಾಳೆ, ಆಮೇಲೆ ಅಕ್ಕ ಫೋನನ್ನು ತಂಗಿಯ ಕಿವಿಗೆ ಹಿಡಿಯುತ್ತಾಳೆ.